ನಕ್ಷೆಯಲ್ಲಿ ಇಲ್ಲದ ಬರ್ಚ್ ಮರಗಳು

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಯುರೋಪಿನ ಕಾಡುಗಳ ಬಗ್ಗೆ ಒಂದು ವರದಿ ಹಾಕಿದ್ದೀರಿ. ಸ್ವಂತ ಕಾಡು ಇರುವವರು ಈಗ ಕಂಪ್ಯೂಟರಿನಲ್ಲೇ ಯೋಜನೆ ಹಾಕಿ ಬೆರಿ ಎಂಬ ಸಣ್ಣ ಕಾಡುಹಣ್ಣು, ಅಣಬೆ, ಮರದ ರಸ ಇವುಗಳಿಂದ ಸಂಪಾದನೆ ಮಾಡುತ್ತಿದ್ದಾರೆ ಎಂದು ಅದರಲ್ಲಿತ್ತು. ಕನ್ನಡದಲ್ಲಿ ಈ ವಿಷಯ ಓದಿ ನನಗೆ ತುಂಬಾ ಖುಷಿಯಾಯಿತು. ಆದರೆ ಒಂದು ಆಪ್ ಹಾಕಿಕೊಂಡರೆ ಕಾಡು ತಾನೇ ದುಡಿದು ಕೊಡುತ್ತದೆ ಎಂಬ ಭಾವನೆ ಓದುಗರಿಗೆ ಬಂದಿರಬಹುದು. ಅದು ಹಾಗಲ್ಲ. ಈ ಸಾಧನಗಳಿಂದ ನಿಜವಾಗಿ ಆಗುವ ಉಪಯೋಗ ಬೇರೆಯೇ ಇದೆ. ನಾನು ಅದನ್ನು ನಷ್ಟ ಮಾಡಿಕೊಂಡು ಕಲಿತೆ. ಹಾಗಾಗಿ ಈ ಪತ್ರ.

ನಾನು ಫಿನ್‌ಲೆಂಡಿನ ಪೂರ್ವದಲ್ಲಿ, ಉತ್ತರ ಕರೇಲಿಯಾ ಎಂಬ ಪ್ರಾಂತ್ಯದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಸಣ್ಣ ಅಂಗಡಿಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಮಾವ ತೀರಿಕೊಂಡ ಮೇಲೆ ಅವರ 34 ಹೆಕ್ಟೇರ್ ಕಾಡು ನನ್ನ ಗಂಡನ ಹೆಸರಿಗೆ ಬಂತು, ಅದರ ಲೆಕ್ಕ ನನ್ನ ಕೈಗೆ ಬಂತು. ಇಲ್ಲಿ ಇದು ದೊಡ್ಡ ಆಸ್ತಿಯೇನಲ್ಲ. ದೇಶದ ನೆಲದಲ್ಲಿ ಮುಕ್ಕಾಲು ಪಾಲು ಕಾಡು. ಆ ಕಾಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಧಾರಣ ಮನೆತನಗಳದ್ದು. ಕಾಡಿನ ಮಾಲೀಕರೇ ಸುಮಾರು 6 ಲಕ್ಷ ಜನ ಇದ್ದಾರೆ. ಅವರಲ್ಲಿ ಟೀಚರುಗಳಿದ್ದಾರೆ, ನರ್ಸುಗಳಿದ್ದಾರೆ, ಊರು ಬಿಟ್ಟು ಪಟ್ಟಣ ಸೇರಿದವರಿದ್ದಾರೆ. ಎಷ್ಟೋ ಜನ ತಮ್ಮ ಕಾಡಿಗೆ ವರ್ಷಕ್ಕೆ ಒಂದೋ ಎರಡೋ ಸಲ ಕಾಲಿಡುತ್ತಾರೆ, ಅಷ್ಟೇ. ಇಂಥವರಿಗೆ ಕಾಡು ಅಂದರೆ ಪರದೆಯ ಮೇಲಿನ ನಕ್ಷೆ. ನಕ್ಷೆಯಲ್ಲಿ ಏನಿದೆ, ಏನಿಲ್ಲ ಅನ್ನುವುದು ಅದಕ್ಕೇ ಇಷ್ಟು ಮುಖ್ಯವಾಗುತ್ತದೆ.

ಮೊದಲು ನಮಗಾದ ನಷ್ಟದ ಕತೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಬರ್ಚ್ ಮರದ ರಸ ಇಳಿಸೋಣ ಎಂದು ತೀರ್ಮಾನ ಮಾಡಿದೆವು. ಬರ್ಚ್ ಅಂದರೆ ಬಿಳಿ ತೊಗಟೆಯ ಮರ. ವಸಂತದಲ್ಲಿ ಎಲೆ ಬಿಡುವ ಮುಂಚೆ, ಮೂರು ನಾಲ್ಕು ವಾರ, ಬೇರಿನಿಂದ ಮೇಲಕ್ಕೆ ಸಿಹಿನೀರಿನಂಥ ರಸ ಏರುತ್ತದೆ. ಕಾಂಡಕ್ಕೆ ಸಣ್ಣ ತೂತು ಕೊರೆದು ನಳಿಗೆ ಕೂರಿಸಿದರೆ ಒಂದು ಒಳ್ಳೆ ಮರದಿಂದ ಇಡೀ ಹಂಗಾಮಿನಲ್ಲಿ ನೂರು ಲೀಟರಿಗೂ ಮೀರಿ ಸಿಗುತ್ತದೆ. ನಾನೂ ಅತ್ತೆಯೂ ಶರತ್ಕಾಲದಲ್ಲಿ ಎರಡು ದಿನ ಓಡಾಡಿ ಮರ ಆರಿಸಿದೆವು. ಎದೆಮಟ್ಟದಲ್ಲಿ ಕಾಂಡ 20 ಸೆಂಟಿಮೀಟರಿಗಿಂತ ದಪ್ಪ ಇರಬೇಕು, ಕೊಂಬೆಗಳು ಆರೋಗ್ಯವಾಗಿರಬೇಕು, ರಸ್ತೆಗೆ ಹತ್ತಿರ ಇರಬೇಕು. ಹೀಗೆ 61 ಮರ ಸಿಕ್ಕವು. ಒಂದೊಂದಕ್ಕೂ ಹಳದಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದೆವು.

ಅದೇ ತಾಕಿನಲ್ಲಿ ಆ ಚಳಿಗಾಲ ನಡುನಡುವೆ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರ ತೆಗೆಯುವ ಕೆಲಸವೂ ಇತ್ತು. ಇಲ್ಲಿ ಮರ ಕಡಿಯುವುದು ದೊಡ್ಡ ಯಂತ್ರ. ಚಾಲಕ ಒಳಗೆ ಕೂತಿರುತ್ತಾನೆ, ಅವನ ಎದುರಿಗೆ ಪರದೆ ಇರುತ್ತದೆ, ಪರದೆಯಲ್ಲಿ ತಾಕಿನ ಗಡಿ, ತೊರೆ, ಮುಟ್ಟಬಾರದ ಜಾಗ ಎಲ್ಲ ಕಾಣುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಕತ್ತಲಾಗುತ್ತದೆ. ಯಂತ್ರ ದೀಪ ಹಾಕಿಕೊಂಡು ರಾತ್ರಿಯೂ ಕೆಲಸ ಮಾಡುತ್ತದೆ. ಹಿಮ ಬಿದ್ದು ನಮ್ಮ ಹಳದಿ ಪಟ್ಟಿಗಳು ಮುಚ್ಚಿಹೋಗಿದ್ದವು. ಬೆಳಿಗ್ಗೆ ಹೋಗಿ ನೋಡಿದರೆ 61ರಲ್ಲಿ 22 ಮರ ರಾಶಿಯಲ್ಲಿ ಮಲಗಿದ್ದವು. ಪಟ್ಟಿ ಇನ್ನೂ ಕಾಂಡಕ್ಕೆ ಅಂಟಿಕೊಂಡೇ ಇತ್ತು.

ಚಾಲಕ ಚಿಕ್ಕ ವಯಸ್ಸಿನ ಹುಡುಗ. ತುಂಬಾ ಬೇಜಾರು ಮಾಡಿಕೊಂಡ. ಅವನು ಪರದೆ ತೋರಿಸಿದ. ಅದರಲ್ಲಿ ನಮ್ಮ ಮರಗಳ ಸುಳಿವೇ ಇರಲಿಲ್ಲ. ನಾವು ಮರದ ಕಂಪನಿಯವರಿಗೆ ಫೋನಿನಲ್ಲಿ ಹೇಳಿದ್ದೆವು, ಅವರು ಬರೆದುಕೊಂಡೂ ಇದ್ದರು. ಆದರೆ ಆ ಮಾತು ಯೋಜನೆಯ ಕಡತಕ್ಕೆ ಸೇರಲಿಲ್ಲ, ಕಡತದಿಂದ ಯಂತ್ರಕ್ಕೆ ಹೋಗಲಿಲ್ಲ. ಅತ್ತೆ ಆ ರಾಶಿಯ ಹತ್ತಿರ ತುಂಬಾ ಹೊತ್ತು ನಿಂತಿದ್ದರು. ಅವುಗಳಲ್ಲಿ ಕೆಲವನ್ನು, ಅವು ಸಸಿಯಾಗಿದ್ದಾಗ, ಮಾವ ಜಿಂಕೆ ಜಾತಿಯ ಪ್ರಾಣಿಗಳಿಂದ ಕಾಪಾಡಿ ಬೆಳೆಸಿದ್ದರಂತೆ.

ಮಾರನೇ ವರ್ಷ ಉಳಿದ 39 ಮರಗಳನ್ನು ಒಂದೊಂದಾಗಿ ಮೊಬೈಲಿನ ಜಿಪಿಎಸ್‌ನಿಂದ ಗುರುತು ಮಾಡಿ ನಕ್ಷೆಗೆ ಹಾಕಿದೆವು. ಈಗ ನಮ್ಮ ಕಾಡಿನಲ್ಲಿ ಯಾವ ಯಂತ್ರ ಬಂದರೂ ಪರದೆಯ ಮೇಲೆ 39 ಚುಕ್ಕಿ ಕಾಣುತ್ತವೆ. ಮರಗಳ ಅಡಿಯಲ್ಲಿ ಚುಕ್ಕಿ ನಾಲ್ಕೈದು ಮೀಟರ್ ಆಚೀಚೆ ಹೋಗುತ್ತದೆ, ಅದಕ್ಕೆ ಒಂದೊಂದು ಚುಕ್ಕಿಯ ಸುತ್ತ ಸಣ್ಣ ವೃತ್ತವನ್ನೂ ಎಳೆದಿದ್ದೇವೆ. ನಿಮ್ಮ ವರದಿಯಲ್ಲಿ ಹೇಳಿದ ಡಿಜಿಟಲ್ ಸಾಧನದ ಮೊದಲ ಪ್ರಯೋಜನ ನನ್ನ ಪ್ರಕಾರ ಇದು. ಹಣ ಎಲ್ಲಿದೆ ಎಂದು ತೋರಿಸುವುದು ಆಮೇಲಿನ ಮಾತು. ಇರುವುದನ್ನು ಕಡಿದು ಹಾಕದ ಹಾಗೆ ತಡೆಯುವುದು ಮೊದಲು.

ಇನ್ನು ಬೆರಿಯ ವಿಷಯ. ಇದು ನನಗೆ ತುಂಬಾ ಹತ್ತಿರದ್ದು, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಇಲ್ಲಿನ ಕಾಡಿನ ನೆಲದಲ್ಲಿ ಮೊಣಕಾಲಿಗಿಂತ ಕೆಳಗೆ ಬೆಳೆಯುವ ಒಂದು ಗಿಡ ಇದೆ. ಫಿನ್ನಿಶ್‌ನಲ್ಲಿ ಮುಸ್ತಿಕ್ಕ ಅನ್ನುತ್ತಾರೆ, ಕಪ್ಪು ನೀಲಿ ಹಣ್ಣು, ತಿಂದರೆ ನಾಲಿಗೆಯೆಲ್ಲ ನೀಲಿ. ಇನ್ನೊಂದು ಪುವೊಲುಕ್ಕ, ಕೆಂಪು ಹಣ್ಣು, ಹುಳಿ ಒಗರು. ಎರಡೂ ಒಂದೇ ಕುಲದವು, ಆದರೆ ಸ್ವಭಾವ ಬೇರೆ. ಮುಸ್ತಿಕ್ಕಕ್ಕೆ ಅರೆನೆರಳು ಬೇಕು, ವಯಸ್ಸಾದ ಪೈನ್ ಕಾಡು ಇಷ್ಟ. ಕಾಡನ್ನು ಬೋಳು ಮಾಡಿ ನೆಲ ಉತ್ತರೆ ಅದರ ನೆಲದೊಳಗಿನ ಕಾಂಡಗಳು ತುಂಡಾಗಿ, ಮತ್ತೆ ಹಣ್ಣು ಕೊಡಲು ಹತ್ತಾರು ವರ್ಷ ಹಿಡಿಯುತ್ತದೆ. ಪುವೊಲುಕ್ಕ ಹಾಗಲ್ಲ, ಬಿಸಿಲು ಬಿದ್ದರೆ ಅದಕ್ಕೆ ಒಳ್ಳೆಯದೇ. ಅಂದರೆ ಮರ ಹೇಗೆ ಕಡಿಯುತ್ತೀರಿ ಅನ್ನುವುದರ ಮೇಲೆ ಮುಂದಿನ ಮೂವತ್ತು ನಲವತ್ತು ವರ್ಷ ಕೆಳಗೆ ಯಾವ ಹಣ್ಣು ಎಂಬುದು ನಿಂತಿದೆ. ಫಿನ್‌ಲೆಂಡಿನ ಕಾಡುಗಳಲ್ಲಿ ಮುಸ್ತಿಕ್ಕ ಹರಡಿಕೊಂಡಿರುವ ನೆಲ 1950ರ ದಶಕಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿದೆ.

ಈಗ ನನಗೆ ಆಶ್ಚರ್ಯ ತಂದ ಸಂಗತಿ ಕೇಳಿ. ಇಲ್ಲಿ ಸರ್ಕಾರದ ಅರಣ್ಯ ಕೇಂದ್ರದ ಒಂದು ಸೇವೆ ಇದೆ, ಮೆಟ್ಸಾನ್ ಎಂದು ಹೆಸರು. 2012ರಲ್ಲಿ ಶುರುವಾಯಿತು. ಮಾಲೀಕರು ದುಡ್ಡು ಕೊಡದೆ ಒಳಗೆ ಹೋಗಿ ತಮ್ಮ ಕಾಡಿನ ಪ್ರತಿ ತಾಕಿನ ವಿವರ ನೋಡಬಹುದು. ವಿಮಾನದಿಂದ ಲೇಸರ್ ಬಿಟ್ಟು ಕಾಡನ್ನು ಅಳೆದು, 16 ಮೀಟರ್ ಉದ್ದ 16 ಮೀಟರ್ ಅಗಲದ ಚೌಕಗಳಾಗಿ ಲೆಕ್ಕ ಇಟ್ಟಿದ್ದಾರೆ. 2018ರಿಂದ ಕಾಡಿನ ಈ ಮಾಹಿತಿ ಎಲ್ಲರಿಗೂ ತೆರೆದಿದೆ. ಮರದ ಎತ್ತರ, ದಪ್ಪ, ಎಷ್ಟು ಘನ ಮೀಟರ್, ಯಾವಾಗ ಕಡಿಯಬೇಕು ಎಲ್ಲ ಸಿಗುತ್ತದೆ.

ಪ್ರತಿ ತಾಕಿನ ವಿವರದಲ್ಲಿ ನೆಲದ ಬಗೆ ಎಂಬ ಒಂದು ಸಾಲು ಇರುತ್ತದೆ. ನಮ್ಮ ಒಂಬತ್ತನೇ ತಾಕಿನ ಬಗೆಯನ್ನು ಕಾಡಿನವರು ಎಂಟಿ ಎಂದು ಕರೆಯುತ್ತಾರೆ. ಮೊದಲ ವರ್ಷ ನನಗೆ ಅದೇನೆಂದು ಗೊತ್ತಿರಲಿಲ್ಲ. ಅತ್ತೆಯನ್ನು ಕೇಳಿದೆ. ಎಂ ಅಂದರೆ ಮಿರ್ಟಿಲ್ಲಸ್, ಮುಸ್ತಿಕ್ಕದ ಲ್ಯಾಟಿನ್ ಹೆಸರು, ಅದು ಮುಸ್ತಿಕ್ಕ ಬೆಳೆಯುವ ನೆಲ ಎಂದರು. ಇನ್ನೊಂದು ಬಗೆ ವಿಟಿ, ಅದು ಪುವೊಲುಕ್ಕದ ನೆಲ. ಕಾಡನ್ನು ಮೇಲಿನ ಮರದಿಂದ ಗುರುತಿಸದೆ ಕೆಳಗಿನ ಗಿಡದಿಂದ ಗುರುತಿಸುವ ಈ ಪದ್ಧತಿ ಶುರು ಮಾಡಿದವರು ಎ. ಕೆ. ಕಯಾಂಡರ್, 1909ರಲ್ಲಿ. ಮರ ಕಡಿದರೂ ನೆಟ್ಟರೂ ನೆಲದ ಗುಣ ಕೆಳಗಿನ ಗಿಡಗಳಲ್ಲಿ ಉಳಿಯುತ್ತದೆ ಅನ್ನುವುದು ಅವರ ವಾದ. ಆಮೇಲೆ ಅವರು ದೇಶದ ಪ್ರಧಾನಿಯೂ ಆದರು.

ಯೋಚಿಸಿ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇಲ್ಲಿನ ಕಾಡಿನ ಲೆಕ್ಕದ ಪುಸ್ತಕದಲ್ಲಿ ಹಣ್ಣಿನ ಹೆಸರು ಬರೆದುಕೊಂಡೇ ಬಂದಿದ್ದಾರೆ. ಆದರೆ ಆ ಹೆಸರಿನ ಎದುರಿಗೆ ಹಣ್ಣಿನ ಲೆಕ್ಕ ಇಲ್ಲ. ಈ ನೆಲದಲ್ಲಿ ಪೈನ್ ಎಷ್ಟು ಬೇಗ ಬೆಳೆಯುತ್ತದೆ ಎಂದು ತಿಳಿಯಲಿಕ್ಕೆ ಮಾತ್ರ ಅದನ್ನು ಬಳಸುತ್ತಾರೆ. ಲೆಕ್ಕಪತ್ರ ಬರೆಯುವವಳಾಗಿ ನನಗೆ ಇದು ಸಹಿಸಲು ಆಗಲಿಲ್ಲ. ಖಾತೆ ತೆರೆದಿದ್ದೀರಿ, ಹೆಸರೂ ಬರೆದಿದ್ದೀರಿ, ಜಮೆ ಮಾತ್ರ ಯಾರೂ ಬರೆಯುತ್ತಿಲ್ಲ ಅಲ್ವಾ?

ಲೆಕ್ಕ ಹಾಕಲು ಬರುವುದಿಲ್ಲ ಎಂದಲ್ಲ. ನೆಲದ ಬಗೆ, ಮರದ ಜಾತಿ, ವಯಸ್ಸು, ದಟ್ಟಣೆ ಇಷ್ಟು ಕೊಟ್ಟರೆ ಮುಸ್ತಿಕ್ಕದ ಸರಾಸರಿ ಇಳುವರಿ ಎಷ್ಟು ಬಂದೀತು ಎಂದು ಹೇಳುವ ಸೂತ್ರಗಳನ್ನು ಇಲ್ಲಿನ ಸಂಶೋಧಕರು 2009ರಲ್ಲೇ ಪ್ರಕಟಿಸಿದ್ದಾರೆ. ಜೊಯೆನ್ಸೂ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಟಿಮೊ ಪುಕ್ಕಲ ಅವರು ಕಟ್ಟಿದ ಮೊನ್ಸು ಎಂಬ ತಂತ್ರಾಂಶ ಮರದ ಜೊತೆ ಬೆರಿ, ಅಣಬೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಈ ಲೆಕ್ಕಗಳು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿವೆ. ಮರ ಮತ್ತು ಮುಸ್ತಿಕ್ಕ ಎರಡರಿಂದಲೂ ಲಾಭ ಬೇಕಾದರೆ ಎಲ್ಲ ಮರವನ್ನೂ ಒಮ್ಮೆಗೇ ತೆಗೆಯುವ ಕೊನೆಯ ಕಡಿತವನ್ನು ಇನ್ನಷ್ಟು ವರ್ಷ ಮುಂದೂಡಬೇಕು, ನಡುವೆ ಮರ ತೆಗೆಯುವುದನ್ನು ಇನ್ನೂ ಆಗಾಗ ಮಾಡಿ ಬೆಳಕು ಬಿಡಬೇಕು, ಪೈನ್ ಪಾಲು ಜಾಸ್ತಿ ಇಡಬೇಕು. ಮಾಲೀಕರ ಕೈಗೆ ಬರುವ ಸಾಮಾನ್ಯ ಯೋಜನೆಯಲ್ಲಿ ಮಾತ್ರ ಇದು ಇನ್ನೂ ಇಳಿದಿಲ್ಲ.

ನಮ್ಮ ಒಂಬತ್ತನೇ ತಾಕು 2.6 ಹೆಕ್ಟೇರ್. 85 ವರ್ಷದ ಪೈನ್, ಜೊತೆಗೆ ಸ್ವಲ್ಪ ಸ್ಪ್ರೂಸ್. ನಮಗೆ ಬಂದ ಯೋಜನೆಯಲ್ಲಿ ಅದರ ಎದುರಿಗೆ 'ಕೊನೆಯ ಕಡಿತ, ತಕ್ಷಣ' ಎಂದಿತ್ತು. ಅತ್ತೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪಿನ ಕಡೆ ಬಗ್ಗಿ ನೋಡಿ, ಇದು ನಮ್ಮ ಬೆರಿಯ ಗುಡ್ಡ, ಇದನ್ನು ಯಾಕೆ ಕಡಿಯಬೇಕು ಎಂದು ಕೇಳಿದರು. ಅವರ ಮಾತಿಗೆ ಆ ಕಾಗದದಲ್ಲಿ ಉತ್ತರ ಇರಲಿಲ್ಲ. ಅಲ್ಲಿ ಬೆರಿ ಎಂಬ ಪದವೇ ಇರಲಿಲ್ಲ.

ಆಮೇಲೆ ಒಬ್ಬ ಅರಣ್ಯ ಸಲಹೆಗಾರ್ತಿಯ ಹತ್ತಿರ ಹೋದೆವು. ಆಕೆ ಬೆರಿಯ ಸೂತ್ರ ಇರುವ ತಂತ್ರಾಂಶದಲ್ಲಿ ಎರಡು ದಾರಿಗಳನ್ನು ಅಕ್ಕಪಕ್ಕ ಹಾಕಿ ತೋರಿಸಿದರು. ಒಂದು, ಈಗಲೇ ಬೋಳು ಮಾಡುವುದು. ಇನ್ನೊಂದು, ಮೂರರಲ್ಲಿ ಒಂದು ಪಾಲು ಮರ ಮಾತ್ರ ಈಗ ತೆಗೆದು ಉಳಿದದ್ದನ್ನು ಇನ್ನೂ 20 ವರ್ಷ ನಿಲ್ಲಿಸುವುದು. ಸತ್ಯ ಹೇಳುತ್ತೇನೆ, ಬೆರಿಯೊಂದರಿಂದಲೇ ಮರದ ಆದಾಯವನ್ನು ಮೀರಿಸಲು ಆಗಲಿಲ್ಲ. ಆ ತಾಕಿನ ಬೆರಿಯನ್ನೆಲ್ಲ ಕೊಯ್ದು ಮಾರಿದರೂ ಸಾಧಾರಣ ವರ್ಷದಲ್ಲಿ ಕೆಲವು ನೂರು ಯೂರೋ ಅಷ್ಟೇ. ಆದರೆ ಎರಡನೇ ದಾರಿಯಲ್ಲಿ ನೆಲ ಉಳುವ, ಸಸಿ ನೆಡುವ ಖರ್ಚು 20 ವರ್ಷ ಮುಂದೆ ಹೋಯಿತು. ಉಳಿದ ಪೈನ್ ಮರಗಳು ಇನ್ನೂ ದಪ್ಪವಾಗಿ ಒಳ್ಳೆ ದಿಮ್ಮಿಯಾಗುತ್ತವೆ. ಅದರ ಜೊತೆ ಪ್ರತಿ ವರ್ಷದ ಬೆರಿ. ಎಲ್ಲ ಕೂಡಿಸಿದಾಗ ಎರಡರ ನಡುವಿನ ಅಂತರ ನಾವು ಅಂದುಕೊಂಡದ್ದರ ಕಾಲು ಭಾಗ ಕೂಡ ಇರಲಿಲ್ಲ. ಅಷ್ಟು ಕಡಿಮೆ ಹಣಕ್ಕೆ ಅತ್ತೆಯ ಬೆರಿ ಗುಡ್ಡವನ್ನು ಬೋಳು ಮಾಡುವುದು ಬೇಡ ಎಂದು ಮೂವರೂ ಒಪ್ಪಿದೆವು. ಮೊದಲ ಕಾಗದ ನೋಡಿ ಸಹಿ ಹಾಕಿದ್ದರೆ ಈ ಮಾತುಕತೆಯೇ ನಡೆಯುತ್ತಿರಲಿಲ್ಲ.

ಒಂದು ವಿಷಯ ಇಲ್ಲಿ ಸೇರಿಸಬೇಕು. 2014ಕ್ಕೆ ಮುಂಚೆ ಇಲ್ಲಿನ ಕಾನೂನು ಕಾಡನ್ನು ಹೇಗೆ ಕಡಿಯಬೇಕು ಎಂಬುದನ್ನು ಬಿಗಿಯಾಗಿ ಹೇಳುತ್ತಿತ್ತು. ಆ ವರ್ಷದ ಜನವರಿಯಿಂದ ಬದಲಾದ ಕಾನೂನು ವಯಸ್ಸು, ದಪ್ಪದ ಮಿತಿಗಳನ್ನು ತೆಗೆದು ಬೋಳು ಮಾಡದೆಯೇ ಕಾಡು ಬೆಳೆಸುವ ದಾರಿಯನ್ನು ತೆರೆಯಿತು. ಕಾನೂನು ಕೊಟ್ಟ ಆಯ್ಕೆ ಕಂಪ್ಯೂಟರಿನ ಪರದೆಗೆ ಬರಲು ಇಷ್ಟು ತಡ ಯಾಕೆ ಆಗಬೇಕು?

ವರದಿಯಲ್ಲಿ ಬಿಟ್ಟುಹೋದ ಮತ್ತೊಂದು ಮುಖ್ಯ ಸಂಗತಿ, ಯಾವುದು ಮಾಲೀಕರದ್ದು, ಯಾವುದು ಎಲ್ಲರದ್ದು ಎಂಬುದು. ಇಲ್ಲಿ ಯಾರ ಕಾಡಿನಲ್ಲಿ ಬೇಕಾದರೂ ಯಾರು ಬೇಕಾದರೂ ನಡೆಯಬಹುದು, ಕಾಡಿನ ಬೆರಿ, ಅಣಬೆ ಕೊಯ್ಯಬಹುದು. ಅಪ್ಪಣೆ ಕೇಳಬೇಕಿಲ್ಲ. ಇದು ತುಂಬಾ ಹಳೆಯ ಹಕ್ಕು. ನಮ್ಮ ಬೆರಿ ಗುಡ್ಡಕ್ಕೆ ಪಕ್ಕದೂರಿನ ಮುದುಕಿಯೊಬ್ಬರು ಪ್ರತಿ ಜುಲೈ ಬರುತ್ತಾರೆ, ಅವರಿಗೆ ನಾವು ಚಹಾ ಕೊಡುತ್ತೇವೆ. ಈ ಹಕ್ಕಿಗೆ ಬೇಲಿ ಹಾಕುವ ಸಾಧನ ನನಗೆ ಬೇಡ. ಒಳ್ಳೆ ವರ್ಷದಲ್ಲಿ ಬೆರಿಯ ಬಹುಪಾಲು ಯಾರೂ ಕೊಯ್ಯದೆ ಕಾಡಿನಲ್ಲೇ ಉದುರಿ ಹೋಗುತ್ತದೆ. ಎಲ್ಲರಿಗೂ ಸಾಕಾಗಿ ಉಳಿಯುವಷ್ಟು ಇದೆ.

ಆದರೆ ಮರದ ರಸ, ಸ್ಪ್ರೂಸ್ ಚಿಗುರು, ತೊಗಟೆ, ಪಾಚಿ, ಕಲ್ಲುಹೂವು, ಬರ್ಚ್ ಕಾಂಡದ ಮೇಲೆ ಬೆಳೆಯುವ ಚಾಗಾ ಎಂಬ ಶಿಲೀಂಧ್ರ, ಇವಕ್ಕೆ ಮಾಲೀಕರ ಒಪ್ಪಿಗೆ ಬೇಕೇ ಬೇಕು. ಹಾಗಾಗಿ ಮಾಲೀಕರು ಕರಾರು ಮಾಡಿಕೊಂಡು ಸಂಪಾದಿಸಬಹುದಾದದ್ದು ಹೆಚ್ಚಾಗಿ ಇವುಗಳಿಂದ. ಪಶ್ಚಿಮ ಕರಾವಳಿಯ ಹೈಲುವೊಟೊ ದ್ವೀಪದಲ್ಲಿ ಬಿಳಿ ಕಲ್ಲುಹೂವನ್ನು ಕೈಯಿಂದ ಎತ್ತಿ ಅಲಂಕಾರಕ್ಕೆಂದು ಜರ್ಮನಿಗೆ ಕಳಿಸುವುದು ಬಹಳ ಹಿಂದಿನಿಂದ ನಡೆದಿದೆ. ಸ್ಪೇನಿನ ಕಾಸ್ಟಿಯಾ ಇ ಲಿಯೋನ್ ಪ್ರಾಂತ್ಯದಲ್ಲಿ ಪದ್ಧತಿಯೇ ಬೇರೆ. ಅಲ್ಲಿ ಮಿಕೊಸಿಲ್ ಎಂಬ ವ್ಯವಸ್ಥೆ ಇದೆ, ಅಣಬೆ ಕೊಯ್ಯುವವರು ಪರವಾನಗಿ ಕೊಳ್ಳಬೇಕು. ಒಂದು ದೇಶಕ್ಕೆ ಮಾಡಿದ ಸಾಧನ ಇನ್ನೊಂದಕ್ಕೆ ಸುಮ್ನೆ ಎತ್ತಿಟ್ಟರೆ ಆಗುವುದಿಲ್ಲ ಎಂದು ಹೇಳಲು ಇಷ್ಟು ಬರೆದೆ.

ಸಂಪಾದನೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಓದುಗರು ಮೊದಲು ಕೇಳುವುದು ಅದನ್ನೇ. ಹೋದ ವರ್ಷ ಬರ್ಚ್ ರಸ ಮತ್ತು ಸ್ಪ್ರೂಸ್ ಚಿಗುರು ಎರಡರಿಂದ ಖರ್ಚು ಕಳೆದು ನಮಗೆ 1,740 ಯೂರೋ ಉಳಿಯಿತು. ಇದರಿಂದ ಸಂಸಾರ ನಡೆಯುವುದಿಲ್ಲ. ಆದರೆ ಮರ ಮಾರಿದ ಹಣ ಒಂದು ತಾಕಿನಿಂದ ಹತ್ತಾರು ವರ್ಷಕ್ಕೊಮ್ಮೆ ಬರುತ್ತದೆ, ಇದು ಪ್ರತಿ ವರ್ಷ ಬರುತ್ತದೆ. ಕಾಡಿನ ರಸ್ತೆ ದುರಸ್ತಿ, ವಿಮೆ, ಸಸಿಗಳ ಆರೈಕೆ ಈ ಹಣದಲ್ಲಿ ಆಯಿತು. ಮೊದಲ ಸಲ ನಮ್ಮ ಕಾಡು ತನ್ನ ವರ್ಷದ ಖರ್ಚನ್ನು ಒಂದು ದಿಮ್ಮಿಯೂ ಮಾರದೆ ತಾನೇ ಭರಿಸಿತು. ನನ್ನ ಪುಸ್ತಕದಲ್ಲಿ ಆ ಸಾಲು ಬರೆದ ದಿನ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ.

ಅಲ್ಲಿಗೆ ಮುಟ್ಟಲು ಸಹಾಯ ಮಾಡಿದ್ದು ಇಳುವರಿಯ ನಕ್ಷೆಗಿಂತ ದೂರದ ನಕ್ಷೆ. ಬರ್ಚ್ ರಸ ಹಾಲಿನ ಹಾಗೆ, ಬಿಸಿಲು ತಾಗಿದರೆ ಒಂದೆರಡು ದಿನದಲ್ಲಿ ಮೋಡಕಟ್ಟಿದಂತೆ ಬೆಳ್ಳಗಾಗಿ ಹುಳಿಯುತ್ತದೆ. ಮೊದಲ ವಸಂತದಲ್ಲಿ ತಂಪಿನ ಗಾಡಿ ಎರಡು ದಿನ ತಡವಾಗಿ 400 ಲೀಟರ್ ಚೆಲ್ಲಿದೆವು. ಆಮೇಲೆ ನಕ್ಷೆಯಲ್ಲಿ ರಸ್ತೆಯಿಂದ 100 ಮೀಟರಿನ ಗೆರೆ ಎಳೆದು, ಅದರಾಚೆಯ ಮರಗಳನ್ನು ಎಷ್ಟೇ ಚೆನ್ನಾಗಿದ್ದರೂ ಕೈಬಿಟ್ಟೆವು. ಚಿಗುರಿಗೂ ಇದೇ ಮಾತು. ಸ್ಪ್ರೂಸ್ ಚಿಗುರು ಮೇ ಕೊನೆ, ಜೂನ್ ಶುರುವಿನಲ್ಲಿ ಎರಡು ವಾರ ಮಾತ್ರ ಮೆತ್ತಗಿರುತ್ತದೆ. ಯಾವ ತಾಕಿನ ಮರಗಳು ಕೈಗೆ ಎಟುಕುವ ಎತ್ತರದಲ್ಲಿವೆ ಎಂಬುದನ್ನು ಲೇಸರ್ ಅಳತೆ ಚೆನ್ನಾಗಿ ಹೇಳುತ್ತದೆ. ಮುಂದಿನ ಸಲ ಮರ ತೆಗೆಯುವಾಗ ಹೇಗೂ ಹೋಗಲಿರುವ ಎಳೆ ಸ್ಪ್ರೂಸ್‌ಗಳಿಂದಲೇ ಚಿಗುರು ಕೀಳುತ್ತೇವೆ. ಉಳಿಸಬೇಕಾದ ಮರದ ತುದಿ ಚಿವುಟಿದರೆ ಅದರ ಬೆಳವಣಿಗೆ ಕೆಡುತ್ತದೆ. ಯೋಜನೆ ಮುಂಚೆ ಇದ್ದರೆ ಮಾತ್ರ ಇದು ಸಾಧ್ಯ.

ರಸ ಇಳಿಸುವುದಕ್ಕೂ ಬೆಲೆ ಇದೆ, ಅದನ್ನೂ ಸಾಧನ ತೋರಿಸಬೇಕು. ತೂತಿನಿಂದ ಕಾಂಡದ ಒಳಗೆ ಕಂದು ಬಣ್ಣ ಏರುತ್ತದೆ. ಆ ಮರದ ಬುಡದ ದಿಮ್ಮಿ ಆಮೇಲೆ ಪ್ಲೈವುಡ್ಡಿಗೆ ಸಲ್ಲದು. ಚಾಗಾ ಇನ್ನೂ ದೊಡ್ಡ ತೀರ್ಮಾನ. ಅದು ಮರವನ್ನು ಒಳಗಿನಿಂದ ಕೊಳೆಸುವ ಶಿಲೀಂಧ್ರ. ಬರ್ಚ್ ಕಾಂಡದಲ್ಲಿ ತೂತು ಕೊರೆದು ಬೀಜದ ಹಾಗೆ ಅದನ್ನು ತುಂಬುತ್ತಾರೆ, ಹಲವು ವರ್ಷ ಕಾದರೆ ಕರಿ ಗಂಟು ಮೂಡುತ್ತದೆ, ಕೊನೆಗೆ ಮರ ಸಾಯುತ್ತದೆ. ಮಾರುವವರು ಹತ್ತು ವರ್ಷದ ಮೇಲಿನ ದೊಡ್ಡ ದೊಡ್ಡ ಮೊತ್ತ ತೋರಿಸುತ್ತಾರೆ. ಹತ್ತು ವರ್ಷದ ಮೇಲೆ ಅದರ ಬೆಲೆ ಏನಿರುತ್ತದೆ ಎಂದು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ನಾವು ಜೌಗು ಬದಿಯ, ದಿಮ್ಮಿಗೆ ಬಾರದ 30 ಮರಗಳಿಗೆ ಮಾತ್ರ ಹಾಕಿಸಿದ್ದೇವೆ. ಅದರ ಎದುರಿಗೆ ಆದಾಯದ ಜಾಗದಲ್ಲಿ ನಾನು ಸೊನ್ನೆ ಬರೆದಿದ್ದೇನೆ. ಬಂದಾಗ ಬರಲಿ.

ಇನ್ನೊಂದು ಸಣ್ಣ ವಿಷಯ, ಆದರೆ ಹಣಕ್ಕೆ ಸಂಬಂಧಪಟ್ಟದ್ದು. ಕಾಡಿನಿಂದ ಕೊಯ್ದದ್ದನ್ನು ಸಾವಯವ ಎಂದು ಮಾರಬೇಕಾದರೆ, ಹಿಂದಿನ ಮೂರು ವರ್ಷ ಆ ನೆಲಕ್ಕೆ ನಿಷೇಧಿತ ಗೊಬ್ಬರವಾಗಲಿ ಔಷಧಿಯಾಗಲಿ ಬಿದ್ದಿರಬಾರದು ಎಂದು ಯುರೋಪಿನ ನಿಯಮ ಇದೆ. ಬೇಸಿಗೆಯಲ್ಲಿ ಮರ ಕಡಿದಾಗ ಬೇರು ಕೊಳೆ ಹರಡದ ಹಾಗೆ ಬೊಡ್ಡೆಗೆ ಯೂರಿಯಾ ದ್ರಾವಣ ಹಾಕುವುದುಂಟು. ಅದರ ಬದಲು ಒಂದು ಬಗೆಯ ಒಳ್ಳೆ ಶಿಲೀಂಧ್ರವನ್ನೂ ಹಾಕಬಹುದು. ಯಾವುದು ಹಾಕಿದರು ಎಂಬ ಒಂದು ಸಾಲು ಯೋಜನೆಯಲ್ಲಿ ದಾಖಲಾಗಿದ್ದರೆ ಸಾವಯವದ ಅರ್ಜಿ ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಹಳೆಯ ಬಿಲ್ಲು ಹುಡುಕುತ್ತಾ ಒಂದು ವಾರ. ನಾನು ಹುಡುಕಿದ್ದೇನೆ.

ಕೊನೆಯದಾಗಿ ಅಣಬೆ. ಪೂರ್ವ ಫಿನ್‌ಲೆಂಡಿನ ಹೆರ್ಕ್ಕುತತ್ತಿ ಎಂಬ ದಪ್ಪ ಕಾಲಿನ ಅಣಬೆಗೆ ಇಟಲಿಯಲ್ಲಿ ಒಳ್ಳೆ ಬೇಡಿಕೆ ಇದೆ, ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಅದು ಎಲ್ಲಿ ಏಳುತ್ತದೆ ಎಂದು ಲೇಸರಿಗೆ ಕಾಣುವುದಿಲ್ಲ. ಲೇಸರ್ ಮರದ ಎತ್ತರವನ್ನು ಅಳೆಯುತ್ತದೆ, ಅಣಬೆಯನ್ನಲ್ಲ. ಸೂತ್ರಗಳು ಸರಾಸರಿ ಹೇಳುತ್ತವೆ. ಈ ಸಲ ಮಳೆ ಹೇಗೆ, ಜೂನ್ ತಿಂಗಳಲ್ಲಿ ಬೆರಿ ಹೂವಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತೇ, ಜೇನ್ನೊಣ ಬಂದವೇ ಎಂಬುದು ಸರಾಸರಿಯಲ್ಲಿ ಇರುವುದಿಲ್ಲ. ಅದು ಗೊತ್ತಿರುವುದು ಕಾಡಿನಲ್ಲಿ ನಡೆಯುವವರಿಗೆ. ನಮ್ಮ ಮನೆಯಲ್ಲಿ ಅದು ಅತ್ತೆಗೆ ಗೊತ್ತು. 60 ವರ್ಷದ ತಿಳಿವಳಿಕೆ ಅವರ ತಲೆಯಲ್ಲಿದೆ.

ಆ ತಿಳಿವಳಿಕೆಯನ್ನು ಸಾಧನಕ್ಕೆ ಹಾಕಿದರೆ ಅದು ಯಾರದ್ದಾಗುತ್ತದೆ? ಇದು ಸಾಧನ ಮಾಡುವವರಿಗೆ ನನ್ನ ನೇರ ಪ್ರಶ್ನೆ. ಸರ್ಕಾರದ ದುಡ್ಡಿನಲ್ಲಿ ಅಳೆದ ಮರದ ಮಾಹಿತಿ ಎಲ್ಲರಿಗೂ ತೆರೆದಿರಲಿ, ಸರಿ. ಅಂದಾಜಿನ ಬೆರಿ ನಕ್ಷೆಯೂ ತೆರೆದಿರಲಿ. ಆದರೆ ಒಬ್ಬ ಮುದುಕಿ ತನ್ನ ಕೈಯಾರೆ ಗುರುತು ಮಾಡಿದ ಅಣಬೆ ಜಾಗ ಅವಳ ಖಾತೆಯಲ್ಲೇ ಇರಬೇಕು. ಅವಳು ತೆಗೆ ಅಂದರೆ ಅಳಿಸಿಹೋಗಬೇಕು. ನಾನು ನೋಡಿದ ಮೂರು ಆಪ್‌ಗಳಲ್ಲಿ ಒಂದರಲ್ಲಿ ಮಾತ್ರ ಹೀಗೆ ಇತ್ತು. ಒಂದರಲ್ಲಿ ನಾವು ಹಾಕಿದ ಗುರುತುಗಳನ್ನು ಬೇರೆಯವರಿಗೆ ಕೊಡಬಹುದು ಎಂದು ಹದಿನಾಲ್ಕನೇ ಪುಟದಲ್ಲಿ ಬರೆದಿದ್ದರು.

2020ರಲ್ಲಿ ಯುರೋಪಿನ 28 ದೇಶಗಳ 17,346 ಮನೆಗಳನ್ನು ಕೇಳಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ನಾಲ್ಕರಲ್ಲಿ ಒಂದು ಮನೆಯವರು ಕಾಡಿನಿಂದ ಏನಾದರೂ ಕೊಯ್ದು ತರುತ್ತಾರೆ. ಹಾಗೆ ತಂದದ್ದರ ಬೆಲೆ ವರ್ಷಕ್ಕೆ 2,330 ಕೋಟಿ ಯೂರೋ, ಅಂದರೆ ಕಡಿದ ದಿಮ್ಮಿಯ ಬೆಲೆಯ ಶೇಕಡಾ 71ರಷ್ಟು. ಇಷ್ಟು ದೊಡ್ಡ ಪಾಲು ಕಾಡಿನ ಯೋಜನೆಗಳಲ್ಲಿ ಖಾಲಿ ಕಾಲಂ ಆಗಿ ಕೂತಿದೆ. ಸಾಧನ ಮಾಡುವವರನ್ನು ನಾನು ಕೇಳುವುದು ಬೆರಿಗೆಂದು ಇನ್ನೊಂದು ಹೊಸ ಆಪ್ ಅಲ್ಲ. ಮಾಲೀಕರು ಮರದ ಕರಾರಿಗೆ ಸಹಿ ಹಾಕುವ ಅದೇ ಪುಟದಲ್ಲಿ, ಅದೇ ಸಾಲಿನಲ್ಲಿ, ಕಡಿದರೆ ಹೋಗುವ ಬೆರಿ ಎಷ್ಟು, ರಸದ ಮರ ಎಷ್ಟು ಎಂದು ಕಾಣಲಿ. ಉಳಿಸು ಎಂದು ಒತ್ತಿದ ಗುರುತು ನೇರವಾಗಿ ಯಂತ್ರದ ಪರದೆಗೆ ಹೋಗಲಿ, ನಡುವೆ ಯಾರ ನೆನಪಿನ ಮೇಲೂ ನಿಲ್ಲದಿರಲಿ.

ಈ ಸೆಪ್ಟೆಂಬರಿನಲ್ಲಿ ನಮ್ಮ ಹದಿನಾಲ್ಕನೇ ತಾಕಿನ ಕರಾರು ಇದೆ. ಸುಮಾರು 40 ವರ್ಷದ ಸ್ಪ್ರೂಸ್ ಕಾಡು, ನಡುನಡುವೆ ಮರ ತೆಗೆಯಬೇಕು. ಅದರೊಳಗೆ ಅತ್ತೆಯ ಅಣಬೆ ಜಾಗಗಳಿವೆ, ಏಳೋ ಎಂಟೋ. ಅವುಗಳನ್ನು ನಕ್ಷೆಗೆ ಹಾಕೋಣವೇ ಎಂದು ಮೊನ್ನೆ ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದರು. ನಿನ್ನೆ ಸಂಜೆ ಬುಟ್ಟಿ ಹಿಡಿದು, ಬಾ, ಫೋನೂ ತಗೋ, ಮೊದಲು ಎರಡು ಜಾಗ ತೋರಿಸುತ್ತೇನೆ ಎಂದರು.

ಇಂತಿ,
ಉತ್ತರ ಕರೇಲಿಯಾದಿಂದ ನಿಮ್ಮ ಓದುಗಾರ್ತಿ